ಡಮಾಮಿಗೂ ಒಂದು ಮನೆ ಬೇಕು

(ಕಲಘಟಗಿ ತಾಲೂಕಿನ ಮಿಶ್ರಿಕೋಟಿಯಲ್ಲಿ ಮಾಡಿದ ಭಾಷಣದ ಅಕ್ಷರ ರೂಪ)



ದಿನಾ ರಾತ್ರಿ ಟೀವಿಯಲ್ಲಿ ನಾನು ಮಾತಾಡ್ತೀನಿ, ನೀವು ಕೇಳ್ತೀರಿ. ಬೇಡ ಅನ್ನಿಸಿದರೆ ರಿಮೋಟ್ ಒತ್ತಿ ನನ್ನ ಬಾಯಿ ಮುಚ್ಚಿಸ್ತೀರಿ. ಇಲ್ಲಿ ರಿಮೋಟ್ ಇಲ್ಲ. ಹಾಗಾಗಿ ಸುತ್ತಿ ಬಳಸಿ ಹೇಳೋದು ಬೇಡ, ನೇರವಾಗಿ ವಿಷಯಕ್ಕೆ ಬರ್ತೀನಿ.

ಒಂದು ಪ್ರಶ್ನೆ. 2021ರಲ್ಲಿ ಬಂದ 'ಸಲಗ' ಸಿನಿಮಾದ ಸಿದ್ದಿ ಹಾಡು ಯಾರಿಗೆಲ್ಲ ಗೊತ್ತು? ಕೈ ಎತ್ತಿ ನೋಡೋಣ. ಅಬ್ಬಾ, ಅಜ್ಜಿಯರೂ ಕೈ ಎತ್ತಿದ್ದಾರೆ! ಮದುವೆ ಮನೆಯಲ್ಲಿ, ಗಣಪತಿ ಮೆರವಣಿಗೆಯಲ್ಲಿ, ಮೊಬೈಲಿನಲ್ಲಿ ಎಲ್ಲರೂ ಕುಣಿದ ಹಾಡು ಅದು. ಈಗ ಎರಡನೇ ಪ್ರಶ್ನೆ. ಅದನ್ನು ಹಾಡಿದ ಹೆಣ್ಣುಮಕ್ಕಳ ಹೆಸರು ಹೇಳಿ.

ಕೈಗಳು ಕೆಳಗೆ ಇಳಿದವು. ಗಿರಿಜಾ ಸಿದ್ದಿ, ಗೀತಾ ಸಿದ್ದಿ. ಇಲ್ಲೇ ಪಕ್ಕದ ಉತ್ತರ ಕನ್ನಡದವರು. ರಂಗಭೂಮಿಯಲ್ಲಿ ಬೆಳೆದವರು, ನಟಿಸುವವರು, ಹಾಡುವವರು.

ಹಾಡು ಕೋಟಿ ಜನರಿಗೆ ಮುಟ್ಟಿತು, ಹಾಡಿದವರು ಯಾರು ಅನ್ನೋದು ಮುಟ್ಟಲಿಲ್ಲ. ಇವತ್ತಿನ ನನ್ನ ಮಾತೆಲ್ಲ ಈ ಅಂತರದ ಬಗ್ಗೆ. ಈ ಅಂತರ ತುಂಬೋ ಕೆಲಸಕ್ಕೆ ಪ್ರಪಂಚದಲ್ಲಿ ಒಂದು ಹಳೇ ಹೆಸರು ಇದೆ: ವಸ್ತುಸಂಗ್ರಹಾಲಯ, ನಾವೆಲ್ಲ ಹೇಳುವ ಹಾಗೆ ಮ್ಯೂಸಿಯಂ.

ಮ್ಯೂಸಿಯಂ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಏನು ಬರುತ್ತೆ? ಮೂಗು ಮುರಿದ ವಿಗ್ರಹ, ತುಕ್ಕು ಹಿಡಿದ ಕತ್ತಿ, ಧೂಳು ಹಿಡಿದ ಗಾಜು, ಪಕ್ಕದಲ್ಲಿ ತೂಕಡಿಸುವ ಕಾವಲುಗಾರ. ಶಾಲೆಯ ಟ್ರಿಪ್ಪಿನಲ್ಲಿ ಸಾಲಾಗಿ ಒಳಗೆ ಹೋಗಿ ಸಾಲಾಗಿ ಹೊರಗೆ ಬರೋ ಜಾಗ. ರಾಜರ ಕತ್ತಿಗೆ ಜಾಗ ಇದೆ, ಒಪ್ಪಿಕೊಳ್ಳೋಣ. ಬಡವನ ಹಾಡಿಗೆ ಜಾಗ ಎಲ್ಲಿದೆ?

ನಮ್ಮ ಸಿದ್ದಿ ಜನರ ಕಥೆಯನ್ನೇ ತಗೊಳ್ಳಿ. ಇಲ್ಲಿಂದ ಕಲಘಟಗಿ ದಾಟಿ ಯಲ್ಲಾಪುರದ ಕಡೆ ಹೊರಟರೆ ಕಾಡು ಶುರುವಾಗುತ್ತೆ. ಕಲಘಟಗಿ ತಾಲೂಕಿನ ಕಾಡಂಚು, ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ, ಆ ಕಡೆ ಬೆಳಗಾವಿ ಜಿಲ್ಲೆಯ ಖಾನಾಪುರ. ಇಲ್ಲೆಲ್ಲ ಸಿದ್ದಿಗಳ ಮನೆಗಳಿವೆ. ಅವರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಇವರ ಪೂರ್ವಜರು ಆಫ್ರಿಕಾದವರು. ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಶತಮಾನಗಳ ಹಿಂದೆ ಹಡಗಿನಲ್ಲಿ ತುಂಬಿಕೊಂಡು ತಂದರು. ಗೋವಾದಲ್ಲಿ ಮನುಷ್ಯರನ್ನು ದನದ ಹಾಗೆ ಮಾರಿದರು. ತಪ್ಪಿಸಿಕೊಂಡು ಬಂದವರಿಗೆ ನಮ್ಮ ಪಶ್ಚಿಮ ಘಟ್ಟದ ಕಾಡು ಮರೆ ಕೊಟ್ಟಿತು.

ಆಫ್ರಿಕಾದಿಂದ ಬಂದವರೆಲ್ಲ ಕಾಡಿಗೇ ಹೋದರು ಅಂತ ತಿಳ್ಕೋಬೇಡಿ. ಮಲಿಕ್ ಅಂಬರ್ ಹೆಸರು ಕೇಳಿರ್ತೀರಿ. ಗುಲಾಮನಾಗಿ ಬಂದು ಅಹಮದ್‌ನಗರದ ರಾಜ್ಯವನ್ನೇ ನಡೆಸಿದವನು, ಮೊಘಲರಿಗೆ ನಿದ್ದೆಗೆಡಿಸಿದವನು. 1626ರಲ್ಲಿ ತೀರಿಕೊಂಡ. ಅವನ ಚಿತ್ರ ಇವತ್ತು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಬಿಜಾಪುರದ ಆದಿಲ್‌ಶಾಹಿ ದರ್ಬಾರಿನಲ್ಲಿದ್ದ ಹಬ್ಶಿ ಸರದಾರರ ಚಿತ್ರಗಳೂ ಉಳಿದಿವೆ. ಯಾಕೆ ಉಳಿದವು? ಅಧಿಕಾರ ಇದ್ದವನ ಎದುರು ಚಿತ್ರಗಾರ ಕೂತಿದ್ದ. ಕಾಡಿಗೆ ಓಡಿ ಹೋದವನ ಎದುರು ಯಾವ ಚಿತ್ರಗಾರ ಕೂತಾನು?

ಅವರ ಹತ್ತಿರ ಇದ್ದದ್ದು ಬೇರೆ. ಮರದ ಕೊರಡು ಕೊರೆದು ತೊಗಲು ಬಿಗಿದ ಡಮಾಮಿ ಇತ್ತು. ಅದರ ಬಡಿತಕ್ಕೆ ಕುಣಿಯುವ ಕಾಲು ಇತ್ತು. ಕೊಂಕಣಿ, ಮರಾಠಿ, ಕನ್ನಡ ಎಲ್ಲ ಕಲಸಿಕೊಂಡ ಹಾಡು ಇತ್ತು. ಮನೆಯೊಳಗೆ ಹಿರಿಯರಿಗೆ ಅಂತ ಒಂದು ಮೂಲೆ ಇತ್ತು, ಅಲ್ಲಿ ತೆಂಗಿನಕಾಯಿ ಇಟ್ಟು ಸತ್ತವರನ್ನು ನೆನೆಯುವ ಪದ್ಧತಿ ಇತ್ತು. ನನ್ನನ್ನು ಕೇಳಿದರೆ ಆ ಮೂಲೆಯೇ ಸಿದ್ದಿಗಳ ಮೊದಲ ಮ್ಯೂಸಿಯಂ. ಬಾಗಿಲಿಲ್ಲ, ಟಿಕೆಟ್ ಇಲ್ಲ, ನೆನಪು ಮಾತ್ರ.

ಆದರೆ ನೆನಪಿಗೆ ಆಯುಷ್ಯ ಇರುತ್ತೆ ಸ್ವಾಮಿ. ಅಜ್ಜ ಸತ್ತರೆ ಅಜ್ಜನಿಗೆ ಗೊತ್ತಿದ್ದ ಬಡಿತವೂ ಮಣ್ಣಿಗೆ ಹೋಗುತ್ತೆ. ಮಳೆಗಾಲದ ತೇವಕ್ಕೆ ತೊಗಲು ಸಡಿಲ ಆಗುತ್ತೆ, ಕಟ್ಟಿಗೆಗೆ ಹುಳ ಬೀಳುತ್ತೆ. ಇದನ್ನು ತಡೆದು ನಿಲ್ಲಿಸಿದವರು ಪ್ರಪಂಚದಲ್ಲಿ ಯಾರಾದ್ರೂ ಇದ್ದಾರಾ? ಇದ್ದಾರೆ.

ಅಮೆರಿಕಕ್ಕೆ ಹೋಗೋಣ. ಡೆಟ್ರಾಯಿಟ್ ಅಂತ ಊರು, ಕಾರು ಕಾರ್ಖಾನೆಗಳ ಊರು. ಅಲ್ಲಿ 1959ರಲ್ಲಿ ಬೆರ್ರಿ ಗಾರ್ಡಿ ಅನ್ನೋ ಕಪ್ಪು ಯುವಕ ಮನೆಯವರಿಂದ 800 ಡಾಲರ್ ಸಾಲ ತಗೊಂಡು ರೆಕಾರ್ಡಿಂಗ್ ಕಂಪನಿ ಶುರು ಮಾಡಿದ. ಅದೇ ಮೋಟೌನ್. ಸ್ಟುಡಿಯೋ ಎಲ್ಲಿ? ಒಂದು ಸಾಧಾರಣ ಮನೆಯಲ್ಲಿ. ಆ ಮನೆಯಿಂದ ಹೊರಟ ಹಾಡುಗಳು ಲೋಕವನ್ನೇ ಕುಣಿಸಿದವು. ಮೈಕೆಲ್ ಜಾಕ್ಸನ್ ಇನ್ನೂ ಹುಡುಗನಾಗಿದ್ದಾಗ ಅಣ್ಣಂದಿರ ಜೊತೆ ಹಾಡಿದ್ದು ಇದೇ ಕಂಪನಿಗೆ. 1972ರಲ್ಲಿ ಕಂಪನಿ ಲಾಸ್ ಏಂಜಲೀಸ್‌ಗೆ ಎದ್ದು ಹೋಯಿತು. ಬೆರ್ರಿಯ ಅಕ್ಕ ಎಸ್ತರ್ ಮಾತ್ರ ಡೆಟ್ರಾಯಿಟ್ ಬಿಡಲಿಲ್ಲ. ಫೋಟೋ, ರೆಕಾರ್ಡು, ವೇಷಭೂಷಣ, ಕಾಗದಪತ್ರ, ಯಾವುದನ್ನೂ ಆಕೆ ಗುಜರಿಗೆ ಹಾಕಲಿಲ್ಲ. ಜೋಪಾನ ಮಾಡಿದಳು. 1985ರಲ್ಲಿ ಅದೇ ಮನೆ ಮೋಟೌನ್ ಮ್ಯೂಸಿಯಂ ಆಯಿತು. ಇವತ್ತು ಪ್ರಪಂಚದ ಎಲ್ಲ ಕಡೆಯಿಂದ ಜನ ಹೋಗಿ ಆ ಪುಟ್ಟ ಸ್ಟುಡಿಯೋದ ನೆಲದ ಮೇಲೆ ನಿಂತು ಕಣ್ಣೀರು ಹಾಕ್ತಾರೆ.

ತಾಯಂದಿರೇ, ಗಮನ ಇಟ್ಟು ಕೇಳಿ. ಆ ಮ್ಯೂಸಿಯಂ ಸರ್ಕಾರದಿಂದ ಹುಟ್ಟಲಿಲ್ಲ. 'ಇರಲಿ, ಇದನ್ನ ಒಗೀಬ್ಯಾಡ್ರಿ' ಅಂದ ಒಬ್ಬ ಅಕ್ಕನಿಂದ ಹುಟ್ಟಿತು.

ದೊಡ್ಡ ಮ್ಯೂಸಿಯಂ ಕಥೆಯೂ ಅಷ್ಟೇ. ಕಪ್ಪು ಜನರ ಚರಿತ್ರೆಗೆ ರಾಜಧಾನಿ ವಾಷಿಂಗ್ಟನ್‌ನಲ್ಲಿ ಒಂದು ಜಾಗ ಬೇಕು ಅಂತ ಮೊದಲು ಕೂಗು ಎದ್ದದ್ದು 1915ರಲ್ಲಿ. ಕೇಳಿದವರು ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ್ದ ಕಪ್ಪು ಸೈನಿಕರು. ಕಾನೂನು ಆಗಿದ್ದು 2003ರಲ್ಲಿ. ಬಾಗಿಲು ತೆರೆದದ್ದು 2016ರ ಸೆಪ್ಟೆಂಬರ್ 24ಕ್ಕೆ, ಅಧ್ಯಕ್ಷ ಒಬಾಮ ಕೈಯಲ್ಲಿ. ನೂರಾ ಒಂದು ವರ್ಷ! ನಮ್ಮ ಮಹದಾಯಿ ಹೋರಾಟ ನೋಡಿದ ಧಾರವಾಡ ಜಿಲ್ಲೆಯವರಿಗೆ ಕಾಯೋದು ಅಂದರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ.

ಅದರ ಮೊದಲ ನಿರ್ದೇಶಕ ಲಾನಿ ಬಂಚ್. 2005ರಲ್ಲಿ ಕೆಲಸಕ್ಕೆ ಸೇರಿದಾಗ ಕಟ್ಟಡ ಇಲ್ಲ, ಒಳಗೆ ಇಡೋಕೆ ಒಂದು ವಸ್ತುವೂ ಇಲ್ಲ. ಆತ ಏನು ಮಾಡಿದ? ತನ್ನ ತಂಡ ಕಟ್ಟಿಕೊಂಡು ಊರೂರಿಗೆ ಹೋದ. 'ನಿಮ್ಮ ಅಜ್ಜಿಯ ಟ್ರಂಕಿನಲ್ಲಿ ಏನಿದೆ, ತನ್ನಿ, ನೋಡೋಣ. ಅದನ್ನು ಹೇಗೆ ಜೋಪಾನ ಮಾಡಬೇಕು ಅಂತ ಹೇಳಿಕೊಡ್ತೀವಿ' ಅಂದ. ಜನ ತಂದರು. ಬಾಗಿಲು ತೆರೆಯುವ ಹೊತ್ತಿಗೆ 30 ಸಾವಿರಕ್ಕೂ ಹೆಚ್ಚು ವಸ್ತುಗಳು ಸೇರಿದ್ದವು. ರಾಕ್ ಅಂಡ್ ರೋಲ್ ಹಾಡುಗಾರ ಚಕ್ ಬೆರ್ರಿಯ ಕೆಂಪು ಕ್ಯಾಡಿಲಾಕ್ ಕಾರು ಅಲ್ಲಿದೆ. ಲೂಯಿ ಆರ್ಮ್‌ಸ್ಟ್ರಾಂಗ್ ಊದಿದ ಟ್ರಂಪೆಟ್ ಅಲ್ಲಿದೆ.

ಅಲ್ಲಿ ಇನ್ನೊಂದು ವಸ್ತು ಇದೆ: ಒಬ್ಬ ಹೆಣ್ಣುಮಗಳ ಉಡುಪು. ಮರಿಯನ್ ಆಂಡರ್ಸನ್ ಅನ್ನೋ ಮಹಾ ಗಾಯಕಿಯದ್ದು. 1939ರಲ್ಲಿ ವಾಷಿಂಗ್ಟನ್ನಿನ ದೊಡ್ಡ ಸಭಾಂಗಣವೊಂದರಲ್ಲಿ ಆಕೆಗೆ ಹಾಡೋಕೆ ಬಿಡಲಿಲ್ಲ. ಕಾರಣ? ಚರ್ಮದ ಬಣ್ಣ. ಆಕೆ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ, ಬಯಲಿನಲ್ಲಿ ನಿಂತು ಹಾಡಿದಳು. ಕೇಳೋಕೆ ಸೇರಿದ್ದು ಸುಮಾರು 75 ಸಾವಿರ ಜನ. ಅವತ್ತು ಉಟ್ಟ ಬಟ್ಟೆ ಇವತ್ತು ಮ್ಯೂಸಿಯಂನಲ್ಲಿದೆ. ಬರೀ ಬಟ್ಟೆಯಾ ಅದು? ಅವಮಾನಕ್ಕೆ ಹಾಡಿನಿಂದ ಕೊಟ್ಟ ಉತ್ತರ.

ಇದು ದೂರದ ಕಥೆ ಅನ್ನಿಸ್ತಾ? 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಗಾಂಧೀಜಿ ಅಧ್ಯಕ್ಷರು. ಸ್ವಾಗತ ಗೀತೆ ಹಾಡಿದವರಲ್ಲಿ ಧಾರವಾಡದ ಒಬ್ಬ ಪುಟ್ಟ ಹುಡುಗಿ ಇದ್ದಳು. ಊಟದ ಹೊತ್ತಿಗೆ ಜಾತಿಯ ಕಾರಣಕ್ಕೆ ನನಗೆ ಎಂಜಲೆಲೆ ಎತ್ತೋಕೆ ಹೇಳ್ತಾರೇನೋ ಅಂತ ಆ ಮಗು ಹೆದರಿತ್ತು. ಮುಂದೆ ಅವರೇ ಇದನ್ನು ಹೇಳಿಕೊಂಡಿದ್ದಾರೆ. ಆ ಮಗು ಯಾರು? ನಮ್ಮ ಗಂಗೂಬಾಯಿ ಹಾನಗಲ್. ಹಾಡಿದ್ದು ಉಳಿದರೆ ಸಾಲದು, ಹಾಡುವಾಗ ಎದೆಯಲ್ಲಿದ್ದ ಭಯವೂ ದಾಖಲಾಗಬೇಕು. ಆಗಲೇ ಅದು ಚರಿತ್ರೆ.

ಆದರೆ ಒಂದು ಎಚ್ಚರಿಕೆ. ಮ್ಯೂಸಿಯಂ ಅಂದರೆ ಯಾವಾಗಲೂ ಪುಣ್ಯದ ಕೆಲಸ ಅಂತ ನಂಬಬೇಡಿ. ದಕ್ಷಿಣ ಆಫ್ರಿಕಾದ ಸಾರಾ ಬಾರ್ಟ್‌ಮನ್ ಕಥೆ ಕೇಳಿ. 1810ರಲ್ಲಿ ಆಕೆಯನ್ನು ಲಂಡನ್ನಿಗೆ ಕರೆದುಕೊಂಡು ಹೋಗಿ, ಮೈ ನೋಡಿ ನಗೋಕೆ ಅಂತ ಜನರ ಮುಂದೆ ನಿಲ್ಲಿಸಿದರು. ದುಡ್ಡು ಕೊಟ್ಟು ನೋಡುವ ಮನರಂಜನೆ! 1815ರ ಕೊನೆಗೆ ಪ್ಯಾರಿಸ್ಸಿನಲ್ಲಿ ಸತ್ತಳು. ಸತ್ತ ಮೇಲಾದರೂ ಬಿಟ್ಟರಾ? ಆಕೆಯ ಅಸ್ಥಿಪಂಜರವನ್ನು ಪ್ಯಾರಿಸ್ಸಿನ ಮ್ಯೂಸಿಯಂ 1970ರ ದಶಕದವರೆಗೂ ಪ್ರದರ್ಶನಕ್ಕೆ ಇಟ್ಟಿತ್ತು. ನೆಲ್ಸನ್ ಮಂಡೇಲಾ ಕೇಳಿದರು, ವರ್ಷಗಟ್ಟಲೆ ಮಾತುಕತೆ ನಡೆಯಿತು. 2002ರಲ್ಲಿ ಆಕೆಯ ಅವಶೇಷ ಊರಿಗೆ ಬಂದು ಮಣ್ಣು ಸೇರಿತು.

ಹಾಗಾಗಿ ಮ್ಯೂಸಿಯಂ ಬಗ್ಗೆ ಮಾತಾಡುವಾಗ ನಾನು ಮೊದಲು ಕೇಳೋ ಪ್ರಶ್ನೆ ಕಟ್ಟಡ ಎಷ್ಟು ದೊಡ್ಡದು ಅಂತ ಅಲ್ಲ. ಬೀಗದ ಕೈ ಯಾರ ಹತ್ತಿರ ಇದೆ? ಯಾರ ವಸ್ತುವೋ ಅವರು ಒಳಗೆ ಯಜಮಾನರಾಗಿ ಇದ್ದಾರಾ, ಗಾಜಿನ ಹಿಂದಿನ ಗೊಂಬೆಯಾಗಿ ಇದ್ದಾರಾ? ಮೋಟೌನ್ ಮನೆಗೂ ಪ್ಯಾರಿಸ್ಸಿನ ಆ ಕೋಣೆಗೂ ಇರೋ ವ್ಯತ್ಯಾಸ ಇದೊಂದೇ.

ಈಗ ನಮ್ಮ ಟೀವಿ ಲೋಕವನ್ನೇ ನೋಡಿ. ದಸರಾ ಮೆರವಣಿಗೆ, ಯಾವುದೋ ಉತ್ಸವ, ಮಂತ್ರಿಗಳ ಸ್ವಾಗತ. ಸಿದ್ದಿ ತಂಡ ಬರುತ್ತೆ. ಸೊಂಟಕ್ಕೆ ಸೊಪ್ಪು, ಮುಖಕ್ಕೆ ಬಣ್ಣ. ತೆರೆಯ ಮೇಲೆ ಹದಿನೈದು ಸೆಕೆಂಡ್ ಬರುತ್ತೆ, ಕೆಳಗೆ 'ಜಾನಪದ ತಂಡಗಳ ಮೆರುಗು' ಅಂತ ಒಂದು ಸಾಲು ಓಡುತ್ತೆ. ತಂಡದ ಹೆಸರಿಲ್ಲ, ಊರಿಲ್ಲ, ಹಾಡಿನ ಅರ್ಥ ಇಲ್ಲ. ಮನೆಯಲ್ಲಿ ಅಂಗಿ ಪ್ಯಾಂಟು ಹಾಕಿಕೊಂಡು ಡಿಗ್ರಿ ಓದುವ ಹುಡುಗನಿಗೆ ವೇದಿಕೆ ಮೇಲೆ ಸೊಪ್ಪು ಕಟ್ಟಿಸ್ತೀವಿ. ಅದೇ ಹುಡುಗ ಹುಬ್ಬಳ್ಳಿ ಬಸ್ಟ್ಯಾಂಡಿನಲ್ಲಿ ನಿಂತರೆ 'ಯಾವ ದೇಶದವರು ನೀವು?' ಅಂತ ಇಂಗ್ಲಿಷಿನಲ್ಲಿ ಕೇಳ್ತೀವಿ. ಅವನು 'ನಾ ಯಲ್ಲಾಪುರದಾಂವ್ರೀ' ಅಂತ ಕನ್ನಡದಲ್ಲಿ ಉತ್ತರ ಕೊಟ್ಟಾಗ ನಾವು ಬೆರಗಾಗ್ತೀವಿ. ನಾಚಿಕೆ ಯಾರಿಗೆ ಆಗಬೇಕು ಹೇಳಿ?

ಮ್ಯೂಸಿಯಂ ಈ ಪ್ರಶ್ನೆಗೆ ಉತ್ತರ ಕೊಡುವ ಜಾಗ. ಶಾಲೆಯ ಮಗು ಒಳಗೆ ಹೋಗಿ ಹೊರಗೆ ಬಂದ ಮೇಲೆ ಇನ್ಯಾವತ್ತೂ ಆ ಪ್ರಶ್ನೆ ಕೇಳಬಾರದು.

ಅಲ್ಲಿ ಏನೇನು ಇಡಬಹುದು? ಬೇಕಾದಷ್ಟಿದೆ. ಮೊದಲು ಕೌದಿ. ಧಾರವಾಡ ಸೀಮೆಯವರಿಗೆ ಕೌದಿ ಅಂದರೆ ವಿವರಿಸಬೇಕಾ? ಹಳೇ ಸೀರೆ, ಹಳೇ ಅಂಗಿ, ತುಂಡು ತುಂಡು ಸೇರಿಸಿ ಹಾಕಿದ ಹೊಲಿಗೆ. ಸಿದ್ದಿ ತಾಯಂದಿರ ಕೌದಿಯ ರೀತಿಯೇ ಬೇರೆ. ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಬರ್ತಾರೆ. ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿ ಒಂದೊಂದು ಹೂವು ಇಡಬೇಕು. ಹೂವಿಲ್ಲದ ಕೌದಿ ಬೆತ್ತಲೆ ಕೌದಿ ಅನ್ನೋದು ಅವರ ಮಾತು. ಎಂಥಾ ಕಲ್ಪನೆ ನೋಡಿ! ಹೆನ್ರಿ ಡ್ರೀವಲ್ ಅನ್ನೋ ಅಮೆರಿಕದ ಕಲಾ ಇತಿಹಾಸಕಾರರು ಈ ಹೊಲಿಗೆಗೆ ಮಾರುಹೋದರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆಫ್ರಿಕನ್ ಮೂಲದವರಿಗಾಗಿಯೇ ಇರುವ ಮ್ಯೂಸಿಯಂನಲ್ಲಿ ಸಿದ್ದಿ ಕೌದಿಗಳ ಪ್ರದರ್ಶನ ನಡೆಯಿತು. 2013ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರ ಭಾರತದಲ್ಲಿರುವ ಆಫ್ರಿಕನ್ನರ ಬಗ್ಗೆಯೇ ಒಂದು ಪ್ರದರ್ಶನ ಮಾಡಿತು. ಮರುವರ್ಷ ಅದು ದಿಲ್ಲಿಗೂ ಬಂತು.

ಸಂತೋಷ. ನಮ್ಮ ತಾಯಂದಿರ ಸೂಜಿ ದಾರ ಅಮೆರಿಕ ಮುಟ್ಟಿತು. ಆದರೆ ಕಲಘಟಗಿಯ ಸಿದ್ದಿ ಹುಡುಗಿ ತನ್ನ ಅಜ್ಜಿಯ ಕಲೆಗೆ ಸಿಕ್ಕ ಆ ಗೌರವ ನೋಡಬೇಕು ಅಂದರೆ ವೀಸಾ ತಗೋಬೇಕಾ? ಬಸ್ ಚಾರ್ಜಿನಲ್ಲಿ ಮುಟ್ಟುವ ದೂರದಲ್ಲಿ ಅದು ಇರಬೇಡವಾ?

ಇನ್ನೊಂದು, ನಾಟಕ. ಇದು ನನಗೆ ಎಲ್ಲಕ್ಕಿಂತ ಬೆರಗಿನ ವಿಷಯ. ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಒಂದು ಕಾದಂಬರಿ ಬರೆದರು. ಬಿಳಿಯರು ಬಂದ ಮೇಲೆ ಆಫ್ರಿಕಾದ ಒಂದು ಊರು ಹೇಗೆ ಒಡೆದು ಹೋಯಿತು ಅನ್ನೋ ಕಥೆ. 1980ರ ದಶಕದಲ್ಲಿ ನೀನಾಸಂನ ಚಿದಂಬರರಾವ್ ಜಂಬೆ ಅದನ್ನು 'ಕಪ್ಪು ಜನ ಕೆಂಪು ನೆರಳು' ಅಂತ ಕನ್ನಡ ನಾಟಕ ಮಾಡಿಸಿದರು. ಎಲ್ಲಿ? ಯಲ್ಲಾಪುರ ತಾಲೂಕಿನ ಮಂಚಿಕೇರಿಯಲ್ಲಿ. ಯಾರಿಂದ? ಸಿದ್ದಿಗಳಿಂದ! ಯೋಚನೆ ಮಾಡಿ. ಮುತ್ತಜ್ಜನ ಮುತ್ತಜ್ಜ ಆಫ್ರಿಕಾದಿಂದ ಸರಪಳಿಯಲ್ಲಿ ಬಂದ. ಅವನ ಕುಡಿ ಶತಮಾನಗಳ ನಂತರ ಆಫ್ರಿಕಾದ ಕಥೆಯನ್ನು ಕನ್ನಡದಲ್ಲಿ ರಂಗದ ಮೇಲೆ ಆಡಿ ತೋರಿಸಿತು. ಪ್ರಪಂಚದ ಯಾವ ರಂಗಭೂಮಿಗೆ ಇಂಥ ಭಾಗ್ಯ ಸಿಕ್ಕಿದೆ? ಆ ರಂಗದ ದಾರಿಯಲ್ಲೇ ಮುಂದೆ ಹೊಸ ಪೀಳಿಗೆ ಬಂತು. 2011ರ 'ಪರಮಾತ್ಮ' ಸಿನಿಮಾದಲ್ಲಿ ನೀವು ನೋಡಿದ ಪ್ರಶಾಂತ್ ಸಿದ್ದಿ ನೀನಾಸಂನಲ್ಲಿ ಕಲಿತವರು.

ಆ ನಾಟಕದ ಫೋಟೋ, ಕರಪತ್ರ, ಮುಖವಾಡ, ಆಡಿದವರ ಮಾತು, ಎಲ್ಲವೂ ಒಂದು ಸೂರಿನ ಕೆಳಗೆ ಬರಬೇಕು. ಅವತ್ತು ಇಪ್ಪತ್ತೈದು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಕಾಯೋಕೆ ಸಮಯ ಎಲ್ಲಿದೆ?

ಇಲ್ಲಿ ಯಾರೋ ಒಬ್ಬರು ಮನಸ್ಸಿನಲ್ಲೇ ಕೇಳ್ತಿರ್ತಾರೆ: 'ಏನ್ರೀ, ಅವರಿಗೆ ರಸ್ತೆ ಇಲ್ಲ, ಜಮೀನಿನ ಪಟ್ಟಾ ಇಲ್ಲ. ಇವರು ಮ್ಯೂಸಿಯಂ ಅಂತಾರಲ್ಲ?' ನ್ಯಾಯವಾದ ಪ್ರಶ್ನೆ. ರಸ್ತೆ ಮೊದಲು, ಪಟ್ಟಾ ಮೊದಲು. ಅದರಲ್ಲಿ ವಾದ ಇಲ್ಲ. ಆದರೆ ಒಂದು ಮಾತು ಕೇಳಿ. 2003ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿದರು. ಎಲ್ಲಿಯವರನ್ನು? ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ. ಧಾರವಾಡ, ಬೆಳಗಾವಿ ಜಿಲ್ಲೆಯ ಸಿದ್ದಿಗಳಿಗೆ ಅದು ಸಿಕ್ಕಿದ್ದು 2020ರಲ್ಲಿ. ಅದೇ ಜನ, ಅದೇ ಡಮಾಮಿ, ಅದೇ ಬೀಗತನ. ಜಿಲ್ಲೆಯ ಗಡಿಕಲ್ಲಿನ ಈಚೆ ಹುಟ್ಟಿದ್ದಕ್ಕೆ 17 ವರ್ಷ ತಡ! ಒಂದು ಜನಾಂಗದ ಚರಿತ್ರೆ ಒಂದೇ ಕಡೆ, ಎಲ್ಲರ ಕಣ್ಣಿಗೆ ಕಾಣುವ ಹಾಗೆ ಇದ್ದಿದ್ದರೆ 'ಇವರೂ ಅವರೂ ಒಂದೇ' ಅಂತ ಹೇಳೋಕೆ ಇಷ್ಟು ವರ್ಷ ಬೇಕಿತ್ತಾ? ಹಾಡು, ಕುಣಿತ, ಕೌದಿ ಅನ್ನೋದು ಬಿಡುವಿನ ವೇಳೆಯ ಮೋಜು ಅಂತ ತಿಳ್ಕೋಬೇಡಿ. ಬಡವನಿಗೆ ಅದೇ ವಂಶದ ದಾಖಲೆ, ಅದೇ ತಾಮ್ರಪತ್ರ.

ಹಾಗಾದರೆ ಏನು ಮಾಡಬೇಕು? ನನ್ನದು ಮೂರೇ ಬೇಡಿಕೆ.

ಒಂದು, ಹೊಸ ಕಟ್ಟಡಕ್ಕೆ ಕಾಯೋದು ಬೇಡ. ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದಕ್ಕಾಗಿಯೇ ವಿಶ್ವವಿದ್ಯಾಲಯ ಇದೆ. ಧಾರವಾಡದಲ್ಲಿ 1939ರಿಂದ ಕನ್ನಡ ಸಂಶೋಧನಾ ಸಂಸ್ಥೆ ಇದೆ, ಅದಕ್ಕೆ ತನ್ನದೇ ಮ್ಯೂಸಿಯಂ ಇದೆ. ರಾಮನಗರದಲ್ಲಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ಇವುಗಳಲ್ಲಿ ಒಂದು ಕಡೆ ಸಿದ್ದಿಗಳಿಗೆ ಅಂತಲೇ ಒಂದು ಪೂರ್ಣ ವಿಭಾಗ ಮಾಡಿ. ಡಮಾಮಿ ಗೋಡೆಗೆ ನೇತುಹಾಕಿದರೆ ಅದು ಬರೀ ಕಟ್ಟಿಗೆ. ಅದರ ಸದ್ದು ಕೇಳಬೇಕು, ಬಾರಿಸಿದವರ ಮುಖ ಕಾಣಬೇಕು.

ಎರಡು, ಹೆಸರು. ಕಲಘಟಗಿಯ ಬಣ್ಣದ ತೊಟ್ಟಿಲು ನಾಡಿಗೇ ಗೊತ್ತು. ಮಾಡಿದವರು ಯಾರು ಅಂದರೆ ಚಿತ್ರಗಾರ ಮನೆತನದವರು ಅಂತ ನೀವು ಥಟ್ಟನೆ ಹೇಳ್ತೀರಿ. ಧಾರವಾಡದಲ್ಲಿ ಮಲ್ಲಿಕಾರ್ಜುನ ಮನಸೂರರ ಮನೆ 'ಮೃತ್ಯುಂಜಯ' ಅವರ ಹೆಸರಿನಲ್ಲೇ ಸ್ಮಾರಕ ಆಗಿದೆ. ಸಿದ್ದಿ ಕಲಾವಿದರಿಗೂ ಅದೇ ಮರ್ಯಾದೆ ಸಿಗಲಿ. 'ಬುಡಕಟ್ಟು ಮಹಿಳೆಯ ಕೌದಿ' ಅಂತ ಬರೀಬೇಡಿ. ಹೊಲಿದ ತಾಯಿಯ ಹೆಸರು, ಊರು, ಯಾವ ವರ್ಷ, ಯಾರಿಗಾಗಿ ಹೊಲಿದದ್ದು, ಎಲ್ಲ ಬರೀರಿ.

ಮೂರು, ಬೀಗದ ಕೈ. ಆ ವಿಭಾಗ ನಡೆಸುವ ಸಮಿತಿಯಲ್ಲಿ ಸಿದ್ದಿಗಳೇ ಹೆಚ್ಚು ಇರಲಿ. ವಿವರಿಸೋಕೆ ಸಿದ್ದಿ ಯುವಕ ಯುವತಿಯರಿಗೆ ತರಬೇತಿ ಕೊಟ್ಟು ಸಂಬಳದ ಕೆಲಸ ಕೊಡಿ. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ ಸದಸ್ಯರಾದರು, ಸಿದ್ದಿಗಳಲ್ಲಿ ಶಾಸನಸಭೆಗೆ ಹೋದ ಮೊದಲಿಗರು. ಶಾಸನ ಮಾಡುವ ಸಭೆಯಲ್ಲಿ ಕೂತವರಿಗೆ ತಮ್ಮ ಡಮಾಮಿ ಎಲ್ಲಿ ಇಡಬೇಕು ಅಂತ ಗೊತ್ತಿರೋದಿಲ್ಲವಾ? ಹಾಗೇ, ಹೊರಗಿನ ವಿದ್ವಾಂಸರು ರೆಕಾರ್ಡ್ ಮಾಡಿಕೊಂಡು ಹೋದದ್ದರ ಒಂದು ಪ್ರತಿ ಇಲ್ಲಿಗೆ ವಾಪಸ್ ಬರಲಿ. ಹಾಡಿನಿಂದ ಸಿನಿಮಾದವರೋ ಚಾನೆಲ್‌ನವರೋ ದುಡ್ಡು ಮಾಡಿದರೆ ಹಾಡು ಕೊಟ್ಟ ಊರಿಗೆ ಅದರಲ್ಲಿ ಪಾಲು ಬರಲಿ. ಚಾನೆಲ್ಲಿನಲ್ಲಿ ಕೂತು ಅನ್ನ ತಿನ್ನುವ ನಾನೇ ಇದನ್ನು ಹೇಳ್ತಿದ್ದೀನಿ.

ಸರ್ಕಾರ ಮಾಡೋದನ್ನು ಸರ್ಕಾರ ಮಾಡಲಿ, ನಾವು ಕೇಳ್ತಾನೇ ಇರೋಣ. ಅಲ್ಲಿಯವರೆಗೆ ನಿಮ್ಮ ಕೈಯಲ್ಲೇ ಆಗುವ ಕೆಲಸ ಒಂದಿದೆ. ಹಿಂದೆ ನಿಂತಿರುವ ಹುಡುಗರೇ, ನಿಮಗೇ ಹೇಳ್ತಿರೋದು. ನಿಮ್ಮ ಜೇಬಿನಲ್ಲಿರೋ ಫೋನು ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ. ನಿಮ್ಮ ಕಾಲೇಜಿನ ಸಿದ್ದಿ ಗೆಳೆಯನ ಮನೆಗೆ ಹೋಗಿ. ಅಜ್ಜಿಯ ಕಾಲ ಹತ್ತಿರ ಕೂತು ಮೊದಲು ಕೇಳಿ: 'ಅಜ್ಜಿ, ನೀವು ಹಾಡೋದನ್ನ ತುಂಬಿಕೊಳ್ಳಲಾ?' ಹೂಂ ಅಂದರೆ ಮಾತ್ರ ಒತ್ತಿ. ಶುರುವಿನಲ್ಲೇ ಅವರ ಬಾಯಿಂದಲೇ ಅವರ ಹೆಸರು, ಊರು, ಯಾರಿಂದ ಕಲಿತರು ಅನ್ನೋದು ಬರಲಿ. ತಾರೀಖು ಬರೆದಿಡಿ. ಒಂದು ಪ್ರತಿ ಅವರ ಮನೆಯಲ್ಲಿ, ಒಂದು ನಿಮ್ಮ ಊರ ಗ್ರಂಥಾಲಯದಲ್ಲಿ. ರೀಲ್ಸ್‌ಗೆ ಹಾಕೋಕೆ ಆತುರ ಬೇಡ, ಅದು ಅಜ್ಜಿಯ ಹಾಡು.

ಡೆಟ್ರಾಯಿಟ್ಟಿನ ಆ ಅಕ್ಕ ಮಾಡಿದ್ದೂ ಇಷ್ಟೇ. ಒಗೆಯಲಿಲ್ಲ, ಹೆಸರು ಬರೆದಿಟ್ಟಳು, ಕಾದಳು. ಧಾರವಾಡ ಸೀಮೆ ತನ್ನ ಗವಾಯಿಗಳನ್ನು ತಲೆಯ ಮೇಲೆ ಹೊತ್ತುಕೊಂಡ ಸೀಮೆ. ಅದೇ ತಲೆಯ ಮೇಲೆ ಒಂದು ಡಮಾಮಿಗೂ ಜಾಗ ಆಗುತ್ತೆ ಅಂತ ನಂಬಿದ್ದೀನಿ.